ಒತ್ತಿದರೂ ಎಳೆಯದ ಹಳೇ ಗಾಡಿ: ದೋಷ ಹುಡುಕುವುದು ಹೇಗೆ?

ಹಳೇ ಗಾಡಿ ಇಟ್ಟುಕೊಂಡವರ ದೂರು ಹೆಚ್ಚಾಗಿ ಒಂದೇ. ‘ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಸತ್ತ ಹಾಗಾಗುತ್ತೆ, ಆಮೇಲೆ ಜರ್ಕ್ ಹೊಡೆದು ಎಳೆಯುತ್ತೆ.’ ಇದಕ್ಕೆ ಸಿಗುವ ಸಲಹೆಗಳೂ ಹೆಚ್ಚುಕಮ್ಮಿ ಒಂದೇ: ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕ್ಲೀನ್ ಮಾಡಿಸಿ, ಪಂಪ್ ಹಾಕಿಸಿ, ಫಿಲ್ಟರ್ ಬದಲಿಸಿ. ಹೀಗೆ ಅಂದಾಜಿನ ಮೇಲೆ ಸಾಮಾನು ಬದಲಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ಮುಗ್ಗರಿಸುವುದು ಮಾತ್ರ ನಿಲ್ಲುವುದಿಲ್ಲ. ‘ಏನು ಹಾಳಾಗಿದೆ’ ಎಂದು ಕೇಳುವ ಮೊದಲು ‘ಯಾವಾಗ ಹೀಗಾಗುತ್ತದೆ’ ಎಂದು ಕೇಳಿಕೊಳ್ಳಬೇಕು.

ಮೊದಲು ಒಂದು ಚೀಟಿ ಬರೆಯಿರಿ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಾತ್ರವೋ, ಬಿಸಿಯಾದ ಮೇಲೂ ಇದೆಯೋ? ನಿಂತಲ್ಲಿಂದ ಹೊರಡುವಾಗಲೋ, ಏರು ಹತ್ತುವಾಗಲೋ? ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗಲೋ? ಎರಡು ಮೂರು ದಿನ ಸುಮ್ನೆ ಗಮನಿಸಿ ಬರೆದಿಡಿ.

ಹೊರಡುವ ಕ್ಷಣದಲ್ಲಿ ಮಾತ್ರ ತಡವರಿಸಿ ಆಮೇಲೆ ಸರಾಗವಾಗಿ ಹೋದರೆ ಅನುಮಾನ ಆಕ್ಸಿಲರೇಟರ್ ಪಂಪ್, ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಹೊತ್ತನ್ನು ಹಿಂದೆಮುಂದೆ ಮಾಡುವ ಭಾಗ) ಅಥವಾ ಥ್ರಾಟಲ್ ಸೆನ್ಸರ್ (ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ಬಾಗಿಲು ಎಷ್ಟು ತೆರೆಯಿತೆಂದು ತಿಳಿಸುವ ಭಾಗ) ಮೇಲೆ. ಏರಿನಲ್ಲಿ, ಜೋರಾಗಿ ಓಡುವಾಗ ದಮ್ಮು ಕಟ್ಟಿದಂತಾದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ: ಫಿಲ್ಟರ್, ಪಂಪ್, ಟ್ಯಾಂಕ್ ನೋಡಬೇಕು. ತಣ್ಣಗಿದ್ದಾಗ ಮಾತ್ರ ಆದರೆ ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಪಟ್ಟಿ) ಅಥವಾ ಟೆಂಪರೇಚರ್ ಸೆನ್ಸರ್. ಬಿಸಿಲಲ್ಲಿ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿದಾಗ ಮಾತ್ರ ಆದರೆ ಪೈಪಿನಲ್ಲೋ ಕಾರ್ಬೊರೇಟರಿನಲ್ಲೋ ಪೆಟ್ರೋಲ್ ಕುದಿದು ಆವಿಯಾಗಿರಬಹುದು. ಎಕ್ಸಾಸ್ಟ್‌ಗೆ ತೀರಾ ಹತ್ತಿರ ಹೋಗಿರುವ ಪೈಪ್ ಇದೆಯೇ ಎಂದು ನೋಡಿ.

ಕೆಲಸ ಬಯಲಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಹತ್ತಿರ ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಪೈಪ್ ಬಿಚ್ಚುವ ಮೊದಲು ಎಂಜಿನ್ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಡಿ.

ಪೆಟ್ರೋಲನ್ನು ಬೈಯುವ ಮೊದಲು ಕಿಡಿ ನೋಡಿ

ಕಾರ್ಬೊರೇಟರ್ ದೋಷ ಎಂದುಕೊಂಡದ್ದು ಕೊನೆಗೆ ಪ್ಲಗ್ಗೋ ವೈರೋ ಆಗಿರುವುದು ತೀರಾ ಮಾಮೂಲು. ಪ್ಲಗ್ ಬಿಚ್ಚಿ ಬಣ್ಣ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಕಿಡಿ ಬಲವಾಗಿಲ್ಲ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಎಣ್ಣೆ ಮೆತ್ತಿಕೊಂಡು ಹಸಿಯಾಗಿದ್ದರೆ ಅದು ಎಂಜಿನ್ ಒಳಗಿನ ಸವೆತ, ಬೇರೆಯೇ ರಗಳೆ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಯಾವುದನ್ನೂ ಮುಟ್ಟದೆ, ಎಂಜಿನ್ ಓಡಿಸಿ ನೋಡಿ. ಬಿರುಕು ಬಿಟ್ಟ ಪ್ಲಗ್ ವೈರುಗಳಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಗಾಡಿಯಾದರೆ ಅದರ ಪಕ್ಕಕ್ಕೆ ಅಂಟಿಕೊಂಡ ತಟ್ಟೆಯಂಥ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯನ್ನು ಮರೆಯಬೇಡಿ. ಎಂಜಿನ್ ಆರಿಸಿ, ಅದರ ಪೈಪ್ ತೆಗೆದು, ಬೇರೊಂದು ಸ್ವಚ್ಛ ಪೈಪ್ ಸಿಕ್ಕಿಸಿ ಬಾಯಿಂದ ಗಾಳಿ ಎಳೆಯಿರಿ. ಕ್ಯಾಪ್ ತೆಗೆದು ನೋಡಿದರೆ ಒಳಗಿನ ಪ್ಲೇಟ್ ಸ್ವಲ್ಪ ತಿರುಗಬೇಕು, ಎಳೆದು ಹಿಡಿದಷ್ಟು ಹೊತ್ತೂ ಹಾಗೇ ನಿಲ್ಲಬೇಕು. ಎಷ್ಟು ಎಳೆದರೂ ಗಾಳಿ ಬರುತ್ತಲೇ ಇದ್ದರೆ ಒಳಗಿನ ಡಯಾಫ್ರಮ್ (ತೆಳು ಪರದೆ) ಹರಿದಿದೆ. ಪಿಕಪ್ ಸಾಯಲು ಇಷ್ಟು ಸಾಕು.

ಕಾರ್ಬೊರೇಟರ್ ಗಾಡಿಗೆ ಎರಡು ಪರೀಕ್ಷೆ

ಒಂದನೆಯದು ಆಕ್ಸಿಲರೇಟರ್ ಪಂಪ್. ಥ್ರಾಟಲ್ ಫಕ್ಕನೆ ತೆರೆದಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ, ಪೆಟ್ರೋಲ್ ಅಷ್ಟು ಬೇಗ ಹಿಂಬಾಲಿಸುವುದಿಲ್ಲ. ಆ ಕೊರತೆ ತುಂಬಲೆಂದೇ ಇರುವ ಪುಟ್ಟ ಪಂಪ್ ಇದು. ಎಂಜಿನ್ ಆರಿಸಿ ಏರ್ ಫಿಲ್ಟರ್ ತೆಗೆಯಿರಿ. ಚೋಕ್ ಪಟ್ಟಿಯನ್ನು ತೆರೆದು ಹಿಡಿದು, ಟಾರ್ಚ್ ಬಿಟ್ಟು ಕಾರ್ಬೊರೇಟರಿನ ಗಂಟಲೊಳಗೆ ನೋಡುತ್ತಾ, ಥ್ರಾಟಲ್ ಲಿವರನ್ನು ಕೈಯಲ್ಲೇ ತಳ್ಳಿ. ಲಿವರ್ ಅಲುಗಿದ ಕೂಡಲೇ ಸಣ್ಣ ಹಿತ್ತಾಳೆ ಮೂತಿಯಿಂದ ಪೆಟ್ರೋಲ್ ದಾರದಂತೆ ಚಿಮ್ಮಬೇಕು. ಲಿವರ್ ಅರ್ಧ ಹೋದ ಮೇಲೆ ಚಿಮ್ಮಿದರೂ ತಪ್ಪೇ, ತೊಟ್ಟಿಕ್ಕಿದರೂ ತಪ್ಪೇ. ಪಂಪಿನ ಡಯಾಫ್ರಮ್ ಸವೆದಿದೆ, ಇಲ್ಲವೇ ಮೂತಿ ಕಟ್ಟಿದೆ. ವಾರಗಟ್ಟಲೆ ನಿಂತ ಗಾಡಿಯಾದರೆ ಮಾತ್ರ ತೀರ್ಪು ಕೊಡಲು ಅವಸರ ಬೇಡ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲೇ ಒಣಗಿರಬಹುದು. ಒಮ್ಮೆ ಓಡಿಸಿ ಆರಿಸಿದ ಮೇಲೆ ನೋಡಿ. ಮತ್ತೊಂದು ಮಾತು: ಎಂಜಿನ್ ಸ್ಟಾರ್ಟ್ ಮಾಡುವಾಗ ಮುಖ ಅಲ್ಲಿಡಬೇಡಿ. ಬ್ಯಾಕ್‌ಫೈರ್ ಆದರೆ ಅದೇ ಗಂಟಲಿನಿಂದ ಬೆಂಕಿ ಮೇಲೆ ಬರುತ್ತದೆ.

ಎರಡನೆಯದು ಚೋಕ್ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಟ್ಟು ಚೋಕ್ ಒಂಚೂರು ಎಳೆಯಿರಿ. ಓಟ ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಕಳ್ಳಗಾಳಿ ಹಿಡಿಯಲು ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಸಾಕು. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಗ್ಯಾಸ್ಕೆಟ್, ಕಾರ್ಬೊರೇಟರಿನ ಬುಡ, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪ್, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಚಿಮುಕಿಸಿ. ಎಲ್ಲಿ ನೀರು ಬಿದ್ದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲೇ ತೂತು. ಕಾಯಿಲ್, ಡಿಸ್ಟ್ರಿಬ್ಯೂಟರ್ ಕಡೆ ನೀರು ಹಾರದಿರಲಿ. ಕೆಲವರು ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಬೇಗ ಹತ್ತಿಕೊಳ್ಳುವ ವಸ್ತು ಯಾಕೆ ಬೇಕು?

ಟ್ಯಾಂಕಿನಿಂದ ಎಂಜಿನ್ ತನಕ

ಗಾಡಿ ದಮ್ಮು ಕಟ್ಟಿ ನಿಂತಾಗ ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಯ್’ ಎಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಗಾಳಿ ದಾರಿ ಕಟ್ಟಿದೆ. ಮುಚ್ಚಳದ್ದೋ ವೆಂಟ್ ಪೈಪಿನದ್ದೋ ನೋಡಿ. ನಂತರ ಫಿಲ್ಟರ್. ಹೊಸದನ್ನು ಹಾಕುವಾಗ ಬಾಣದ ಗುರುತು ಎಂಜಿನ್ ಕಡೆಗಿರಲಿ. ಹಳೆಯದನ್ನು ಎಸೆಯಬೇಡಿ, ಪೆಟ್ರೋಲ್ ಪೂರ್ತಿ ಆರಿದ ಮೇಲೆ ಕೊಯ್ದು ನೋಡಿ. ಕೆಂಪು ಪುಡಿ ಇದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ, ಹೊಸ ಫಿಲ್ಟರೂ ಬೇಗ ಕಟ್ಟುತ್ತದೆ. ಕಪ್ಪು ಚೂರುಗಳಿದ್ದರೆ ರಬ್ಬರ್ ಪೈಪ್ ಒಳಗಿಂದ ಉದುರುತ್ತಿದೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ. ಹೊರಗಿನಿಂದ ಪೈಪ್ ಚೆನ್ನಾಗಿಯೇ ಕಾಣಬಹುದು.

ಟ್ಯಾಂಕ್ ಮತ್ತು ಮೆಕ್ಯಾನಿಕಲ್ ಪಂಪಿನ ನಡುವಿನ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಪಂಪ್ ಎಳೆಯುವಾಗ ಹನಿಯೂ ಸೋರುವುದಿಲ್ಲ, ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಜನ ಪಂಪ್ ಬದಲಿಸಿ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಈ ಪಂಪುಗಳ ಒತ್ತಡ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ ಇರುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಲವಾಗಿದ್ದು ಆಯಿಲ್ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿರಬಹುದು. ಸರಿ ಮಾಡಿಸಿ ಆಯಿಲ್ ಬದಲಿಸುವ ತನಕ ಎಂಜಿನ್ ಓಡಿಸಬೇಡಿ.

ಇಂಜೆಕ್ಷನ್ ಗಾಡಿಯಾದರೆ

ಕಾರ್ಬೊರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಗಾಡಿ ಇದು. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಬಹುತೇಕ ಗಾಡಿಗಳಲ್ಲಿ ಟ್ಯಾಂಕ್ ಕಡೆಯಿಂದ ಪಂಪಿನ ಗುಂಯ್ ಸದ್ದು ಒಂದೆರಡು ಸೆಕೆಂಡ್ ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ ಮೊದಲು. ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇರುವ ಹಳೇ ಗಾಡಿಗಳಲ್ಲಿ ಒತ್ತಡ ಸಾಮಾನ್ಯವಾಗಿ 2.5ರಿಂದ 3.5 ಬಾರ್, ಎಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ.

ಥ್ರಾಟಲ್ ಸೆನ್ಸರಿಗೆ ಮುಳ್ಳಿನ ವೋಲ್ಟ್ ಮೀಟರ್ ಒಳ್ಳೆಯದು. ನಿಧಾನವಾಗಿ ಥ್ರಾಟಲ್ ತೆರೆದಂತೆ ಸುಮಾರು 0.5 ವೋಲ್ಟಿನಿಂದ 4.5ರ ಹತ್ತಿರಕ್ಕೆ ಮುಳ್ಳು ನಯವಾಗಿ ಏರಬೇಕು. ಮಧ್ಯೆ ಒಂದೇ ಕಡೆ ಕುಸಿದರೆ ಕಾಲು ಆ ಜಾಗಕ್ಕೆ ಬಂದಾಗಲೆಲ್ಲ ಗಾಡಿ ಮುಗ್ಗರಿಸುತ್ತದೆ.

ಓಬಿಡಿ-2 ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಉಪಕರಣ) ಸಿಗುವ ಗಾಡಿಯಾದರೆ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ ನೋಡಿ. ಐಡ್ಲಿಂಗ್‌ನಲ್ಲಿ ಪ್ಲಸ್ ಶೇಕಡಾ 10ಕ್ಕಿಂತ ಮೇಲಿದ್ದು, 2,500 ಆರ್‌ಪಿಎಂನಲ್ಲಿ ಸರಿಹೋದರೆ ಕಳ್ಳಗಾಳಿ. ರೇಸ್ ಕೊಟ್ಟಷ್ಟೂ ಅಂಕಿ ಏರುತ್ತಾ ಹೋದರೆ ಪಂಪ್, ಫಿಲ್ಟರ್ ಕಡೆ ತಿರುಗಿ. ಏರ್‌ಫ್ಲೋ ಸೆನ್ಸರಿಗೆ ಕೊಳೆ ಹಿಡಿದರೂ ಹೀಗಾಗುತ್ತದೆ. ಅದನ್ನು ಅದಕ್ಕೆಂದೇ ಬರುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ, ಒರೆಸಬೇಡಿ.

ಡೀಸೆಲ್ ಗಾಡಿಯ ಕಥೆ ಚಿಕ್ಕದು: ಫಿಲ್ಟರ್, ಅದರ ತಳದ ನೀರು, ಪೈಪಿನಲ್ಲಿ ಸಿಕ್ಕಿಕೊಂಡ ಏರ್. ಟ್ಯಾಂಕಿನಿಂದ ಬರುವ ಪೈಪಿಗೆ ಪಾರದರ್ಶಕ ತುಂಡೊಂದನ್ನು ಸೇರಿಸಿದರೆ ಗುಳ್ಳೆ ಕಾಣುತ್ತದೆ. ಪಂಪಿನಿಂದ ಆಚೆಗಿನ ಹೈ ಪ್ರೆಶರ್ ಪೈಪುಗಳ ಹತ್ತಿರ ಮಾತ್ರ ಕೈ ಹಾಕಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ, ಚೀಟಿಯಲ್ಲಿ ಬರೆದ ಅದೇ ಹೊತ್ತಿನಲ್ಲಿ, ಅದೇ ಏರಿನಲ್ಲಿ ಓಡಿಸಿ ನೋಡಿ. ಇಷ್ಟಾದರೂ ಏರಿನಲ್ಲಿ ದಮ್ಮು ಕಟ್ಟುತ್ತಲೇ ಇದ್ದರೆ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ, 2,500 ಆರ್‌ಪಿಎಂನಲ್ಲಿ ಒಂದೇ ಸಮ ಹಿಡಿಯಿರಿ. ಮುಳ್ಳು ಮೆಲ್ಲಗೆ ಇಳಿಯುತ್ತಲೇ ಹೋದರೆ ಹೊಗೆ ಹೊರಹೋಗುವ ದಾರಿ ಕಟ್ಟಿರಬಹುದು. ಆಗ ಪೆಟ್ರೋಲ್ ಕಡೆಯ ಹುಡುಕಾಟ ಬಿಟ್ಟು ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿಸಿ.