ಮ್ಯಾರಥಾನ್: ಕೊನೆಯ ಹತ್ತು ಕಿಲೋಮೀಟರಿನ ಲೆಕ್ಕ

ನನ್ನ ಹಿಂದಿನ ಮ್ಯಾರಥಾನ್ (42.195 ಕಿ.ಮೀ.) 4 ಗಂಟೆ 26 ನಿಮಿಷಕ್ಕೆ ಮುಗಿದಿತ್ತು. ಮೊದಲರ್ಧ 2:01, ಎರಡನೆಯದು 2:25. ಬಿಡಿಸಿ ನೋಡಿದರೆ ಅರ್ಧದಿಂದ 32 ಕಿ.ಮೀ.ವರೆಗೆ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿದ ಹೊತ್ತು, 6:10 (6 ನಿಮಿಷ 10 ಸೆಕೆಂಡು), ಅಲ್ಲಿಂದಾಚೆ 7:40. ನಾಲ್ಕು ಗಂಟೆಯೊಳಗೆ ಬರಲು ಬೇಕಾದ್ದು ಕಿಲೋಮೀಟರಿಗೆ 5:41. ಮೊದಲರ್ಧದಲ್ಲಿ 5:44 ಆಗಲೇ ಇತ್ತು. ವೇಗ ಇತ್ತು, ನಿಲ್ಲುತ್ತಿರಲಿಲ್ಲ. ಹಾಗಾಗಿ ತಯಾರಿಯೆಲ್ಲ ಆ ಕೊನೆಯ ಹತ್ತು ಕಿಲೋಮೀಟರಿಗೇ.

ವಾರಕ್ಕೆ ನಾಲ್ಕು ದಿನ ಓಟ ಸಾಕು. ಎರಡು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ 8ರಿಂದ 10 ಕಿ.ಮೀ. ಈಸಿ ರನ್, 6:40ರಿಂದ 7:00 ಪೇಸ್‌ನಲ್ಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗದಿದ್ದರೆ ಅದು ಈಸಿ ಅಲ್ಲ. ನಮ್ಮಲ್ಲಿ ಬಹಳ ಜನ ಕೆಡುವುದು ಇಲ್ಲೇ: ದಿನಾ 6:00 ಪೇಸ್‌ನಲ್ಲಿ ಓಡಿ, ಭಾನುವಾರಕ್ಕೆ ಕಾಲು ಸತ್ತಿರುತ್ತದೆ. ಗುರುವಾರ ಟೆಂಪೊ, ಅಂದರೆ ನಡುವೆ ಒಂದೇ ಸಮ ವೇಗದ ಓಟ: 2 ಕಿ.ಮೀ. ನಿಧಾನ, 5 ಕಿ.ಮೀ. 5:15–5:20ರಲ್ಲಿ, ಮತ್ತೆ 2 ನಿಧಾನ.

ಭಾನುವಾರದ ಲಾಂಗ್ ರನ್ನೇ ಮುಖ್ಯ. 16ರಿಂದ ಶುರುಮಾಡಿ 32ರವರೆಗೆ ಏರಿಸುತ್ತಾ, ನಾಲ್ಕನೇ ವಾರಕ್ಕೊಮ್ಮೆ ದೂರ ಇಳಿಸಬೇಕು. 24 ದಾಟಿದ ಮೇಲೆ ವಾರ ಬಿಟ್ಟು ವಾರ ಹೀಗೆ ಮಾಡಿದೆ: ಮೊದಲ ಭಾಗ 6:30ರಲ್ಲಿ, ಕೊನೆಯ 8–10 ಕಿ.ಮೀ. 5:40ರಲ್ಲಿ. ದಣಿದ ಕಾಲು ರೇಸ್ ಪೇಸ್ ಕಲಿಯುವುದು ಹೀಗೇ. ಇನ್ನೊಂದು, ರೇಸ್ ಕತ್ತಲಲ್ಲಿ ಶುರುವಾದರೂ ಕೊನೆಯ ಭಾಗಕ್ಕೆ ಬಿಸಿಲು ಏರಿರುತ್ತದೆ. ನಾಲ್ಕಕ್ಕೇ ಎದ್ದು ಏಳಕ್ಕೆ ಮುಗಿಸಿಬಿಟ್ಟರೆ ಆ ಬಿಸಿಲಿನ ಪರಿಚಯವೇ ಆಗುವುದಿಲ್ಲ. ಕೆಲವು ಸಲ ಆರಕ್ಕೆ ಹೊರಟು, ವೇಗದ ಭಾಗ ಎಂಟರ ನಂತರ ಬರುವ ಹಾಗೆ ನೋಡಿಕೊಳ್ಳಿ. ರಿಂಗ್ ರಸ್ತೆ ಒಂದು ಸುತ್ತು ಸುಮಾರು 42 ಕಿ.ಮೀ. ಎಂದು ಆಸೆಯಾಗುತ್ತದೆ, ಆದರೆ ಲಾರಿಗಳ ಕಾಟ. ಅಂಚಿಗೆ ವಾಲಿದ ರಸ್ತೆಯಲ್ಲಿ ಒಂದೇ ಪಕ್ಕ ಓಡಿದರೆ ಮಂಡಿಯ ಹೊರಭಾಗ ನೋಯುತ್ತದೆ.

ತೊಡೆಯ ಬಲಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು. ನಂದಿ ದಾಟಿ ಮೇಲಕ್ಕೆ, ಒಂದೊಂದೇ ಮೆಟ್ಟಿಲು, ಓಡದೆ. ಇಳಿಯುವುದು 201ನೇ ನಂಬರ್ ಬಸ್ಸಲ್ಲಿ. ಮೆಟ್ಟಿಲಿಳಿದರೆ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆ ನೋವು ಎರಡು ಮೂರು ದಿನ ಬಿಡುವುದಿಲ್ಲ, ಗುರುವಾರದ ಟೆಂಪೊ ಹಾಳು.

ಊಟದ ವಿಷಯ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೊಜೆನ್, ನಾಲ್ಕು ಗಂಟೆಗೆ ಸಾಲದು. ಗಂಟೆಗೆ 40–50 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಬೇಕು, ಅದೂ 40ನೇ ನಿಮಿಷದಿಂದಲೇ. 25ನೇ ಕಿಲೋಮೀಟರಿನಲ್ಲಿ ಸುಸ್ತಾದ ಮೇಲೆ ತಿಂದರೆ ತಡವಾಯಿತು. ರಕ್ತವೆಲ್ಲ ಕಾಲಿಗೆ ಹರಿದಿರುವಾಗ ಹೊಟ್ಟೆ ಬೇಗ ಅರಗಿಸುವುದಿಲ್ಲ. ನಾನು ಓಟಗಾರರು ನುಂಗುವ ಸಕ್ಕರೆಯ ಜೆಲ್ ಬದಲು ಮಂಡ್ಯದ ಅಚ್ಚು ಬೆಲ್ಲ ಬಳಸಿದೆ. 10–12 ಗ್ರಾಂನ ಎರಡು ತುಂಡು, ಅರ್ಧ ಗಂಟೆಗೊಮ್ಮೆ. ತುಂಡನ್ನು ಮೊದಲೇ ತೂಗಿ, ಒಂದೊಂದು ಕಂತನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕಬೇಕು, ಇಲ್ಲದಿದ್ದರೆ ಬೆವರಿಗೆ ಕರಗಿ ಜೇಬೆಲ್ಲ ಪಾಕ. ಬೆಲ್ಲದ ಮೇಲೆ ಬರೀ ನೀರು ಕುಡಿಯಬೇಕು. ಎಲೆಕ್ಟ್ರೊಲೈಟ್ ಪಾನೀಯದಲ್ಲೂ ಸಕ್ಕರೆ ಇದ್ದರೆ ಎರಡೂ ಸೇರಿ ಹೊಟ್ಟೆ ಹಿಂಡುತ್ತದೆ; ಆ ಪಾನೀಯವನ್ನು ಬೆಲ್ಲ ತಿನ್ನದ ನಡುವಿನ ನೀರಿನ ಸ್ಟೇಷನ್‌ಗಳಲ್ಲಿ ಕುಡಿಯಿರಿ. ಇದನ್ನೆಲ್ಲ ಲಾಂಗ್ ರನ್‌ನಲ್ಲೇ ಅಭ್ಯಾಸ ಮಾಡಿ.

ನೀರಿನ ಅಳತೆಗೆ, ಒಂದು ಗಂಟೆ ಓಟದ ಮುಂಚೆ, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು. ಅಷ್ಟನ್ನೂ ತುಂಬಿಸಬೇಕಿಲ್ಲ. ಬೆವರಿಗಿಂತ ಹೆಚ್ಚು ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದು ನಿರ್ಜಲೀಕರಣಕ್ಕಿಂತ ಅಪಾಯ. ಹಿಂದಿನ ರಾತ್ರಿ ಮುದ್ದೆ, ಸೊಪ್ಪು ಬೇಡ, ನಾರು ಬೆಳಿಗ್ಗೆ ತೊಂದರೆ ಕೊಡುತ್ತದೆ; ಅನ್ನ, ತಿಳಿಸಾರು, ಮೊಸರು ಸಾಕು. ಶೂ 50 ಕಿ.ಮೀ. ಆದರೂ ಓಡಿದ್ದಿರಲಿ.

ಕೊನೆಯ ಮೂರು ವಾರ ದೂರವನ್ನು ಹಂತಹಂತವಾಗಿ ಅರ್ಧಕ್ಕೆ ಇಳಿಸಿ, ವೇಗ ಮಾತ್ರ ಹಾಗೇ ಇರಲಿ.

ರೇಸ್ ದಿನ ದೂರ ಅಳೆಯುವ ಜಿಪಿಎಸ್ ವಾಚನ್ನು ಪೂರ್ತಿ ನಂಬಬೇಡಿ. ಮಾರ್ಗ ಅಳೆಯುವುದು ತಿರುವಿನ ಅತಿ ಹತ್ತಿರದ ಗೆರೆಯಲ್ಲಿ, ನಾವು ಓಡುವುದು ಜನರ ಮಧ್ಯೆ ಅಡ್ಡಾದಿಡ್ಡಿ. 42.195 ಬದಲು ವಾಚು 42.6 ತೋರಿಸುತ್ತದೆ. ಅದರಲ್ಲಿ 5:41 ನೋಡುತ್ತಾ ಓಡಿದವರು 4:02ಕ್ಕೆ ಮುಗಿಸಿ ತಲೆ ಕೆರೆದುಕೊಳ್ಳುತ್ತಾರೆ. ವಾಚಿನಲ್ಲಿ ಸರಾಸರಿ 5:37 ಇರಬೇಕು. ನಾನು ಮೊದಲ 5 ಕಿ.ಮೀ. 5:50ರಲ್ಲಿ ತಡೆದು, ಆಮೇಲೆ 5:35ಕ್ಕೆ ಬಂದೆ. ಮೊದಲರ್ಧ 2:00, ಎರಡನೆಯದು 1:59. 35ರ ನಂತರ ಪೇಸ್ ಜಾರಿದಾಗ ಹೆಜ್ಜೆ ಉದ್ದ ಮಾಡಬಾರದು, ಮೀನಖಂಡ ಹಿಡಿದುಕೊಳ್ಳುತ್ತದೆ. ಹೆಜ್ಜೆ ಗಿಡ್ಡ ಮಾಡಿ, ಕೈ ಬೇಗ ಬೀಸಿದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ.