ತೊಗರಿ ಬರುವ ಮೊದಲೇ ಊರಿಗೆ ಹೋಗಿಬನ್ನಿ: ಗಂಜಿನಲ್ಲಿ ವ್ಯಾಪಾರದ ನಂಟು ಉಳಿಸಿಕೊಳ್ಳುವ ಬಗೆ

ಕಲಬುರಗಿಯ ದವಸದ ಪೇಟೆ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿಯಲ್ಲಿ, ನಾನು ಲೆಕ್ಕ ಬರೆಯುವ ಮುನೀಮ. ಪ್ರತಿ ಸುಗ್ಗಿಗೂ ಹೊಸ ಹುಡುಗರು ಈ ದಂಧೆಗೆ ಬರುತ್ತಾರೆ. ಡಿಸೆಂಬರಿನಲ್ಲಿ ರಾಶಿ (ಒಕ್ಕಣೆ) ಶುರುವಾದ ಮೇಲೆ ರೈತರಿಗೆ ಫೋನ್ ಹಚ್ಚುತ್ತಾರೆ. ಅಷ್ಟರಲ್ಲಿ ಯಾರ ಮಾಲು ಯಾವ ಅಂಗಡಿಗೆ ಎಂಬುದು ಊರಲ್ಲೇ ತೀರ್ಮಾನವಾಗಿರುತ್ತದೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವ್ಯವಹಾರ ಇಲ್ಲದ ತಿಂಗಳಲ್ಲಿ ಹೋಗಿ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ದೀಪಾವಳಿಯ ಆಜೂಬಾಜೂ ಹೂ ಹಿಡಿಯುತ್ತದೆ. ಆಳಂದವೋ ಜೇವರ್ಗಿಯೋ ಚಿಂಚೋಳಿಯೋ, ನಿಮ್ಮ ರೈತರಿರುವ ಊರಿಗೆ ಆಗ ಹೋಗಿ ಹೊಲದಲ್ಲಿ ನಿಲ್ಲಿ. ಕಾಯಿಗೆ ಹುಳ ಬಿದ್ದಿದೆಯೇ, ಯಾವ ಎಣ್ಣಿ (ಕೀಟನಾಶಕ) ಹೊಡೆದರು, ಕೇಳಿ. ಮಾಲು ನಮಗೇ ತರ್ರಿ ಎನ್ನಬೇಡಿ. ಬಂದದ್ದು ಯಾಕೆಂದು ಅವರಿಗೆ ಗೊತ್ತಿರುತ್ತದೆ.

2022ರಲ್ಲಿ ನೆಟೆ ರೋಗ ಬಿದ್ದು ಈ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಕೊಟ್ಟ ಉಚಲ್ (ಮುಂಗಡ ರೊಕ್ಕ) ಏನಾಯ್ತೆಂದು ಕೇಳಲು ಊರಿಗೆ ಹೋದವರು ಬಹಳ. ನಮ್ಮ ಸಾವ್ಕಾರರೂ ಹೋದರು, ಆದರೆ ಅವರು ಹೇಳಿದ್ದು ಇಷ್ಟೇ: “ಉಚಲ್ ಮಾತು ಈಗ ಬ್ಯಾಡ್ರಿ ಗೌಡ್ರ, ಮುಂದಿನ ರಾಶಿಗೆ ನೋಡೂಣು. ಪರಿಹಾರಕ್ಕ ಅರ್ಜಿ ಹಾಕೀರೋ ಇಲ್ಲೋ, ಅದನ್ನ ಹೇಳ್ರಿ.” ಆ ಮನೆಗಳ ತೊಗರಿ ಇವತ್ತಿಗೂ ನಮ್ಮ ಅಂಗಡಿ ಮುಂದೆಯೇ ಇಳಿಯುತ್ತದೆ.

ಇನ್ನು ಪಟ್ಟಿ, ಅಂದರೆ ಮಾಲು ಮಾರಿದ ಮೇಲೆ ರೈತನಿಗೆ ಕೊಡುವ ಲೆಕ್ಕದ ಚೀಟಿ. ನನ್ನ ಕೇಳಿದರೆ ನಂಟು ಉಳಿಯುವುದೂ ಹರಿಯುವುದೂ ಈ ತುಂಡು ಕಾಗದದ ಮೇಲೇ. ರೊಕ್ಕ ಎಣಿಸುವ ಮೊದಲು ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿ: ಚೀಲ ಎಷ್ಟು, ತೂಕ ಎಷ್ಟು, ಖಾಲಿ ಚೀಲದ ತೂಕ ಎಷ್ಟು ಕಳೆದಿರಿ, ಟೆಂಡರಿನಲ್ಲಿ ಬಿದ್ದ ದರ ಯಾವುದು. ಓದಲು ಬರುವವರಿಗೂ ಓದಿ ಹೇಳಿ. ಮುದುಕರು ಬಂದಿದ್ದರೆ ಜೊತೆಗಿರುವ ಮಗನ ಕೈಗೆ ಕೊಡದೆ ಅವರ ಕೈಗೇ ಕೊಡಿ. ನಮ್ಮ ರಾಜ್ಯದ ಎಪಿಎಂಸಿ ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವನು ಖರೀದಿದಾರ. ರೈತನ ಪಟ್ಟಿಯಲ್ಲಿ ಅದು ಯಾವ ಹೆಸರಿನಲ್ಲೂ ಕಾಣಿಸಬಾರದು. “ಇದೇನ್ರೀ ಮುನೀಮ್ರ?” ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟರೆ ಮುಖ ಸಿಂಡರಿಸಬೇಡಿ. ತೂಕದ ಮೇಲೆ ಅನುಮಾನ ಬಂದರೆ ವಾದ ಬೇಡ, ಹಮಾಲರನ್ನು ಕರೆದು ಅವರ ಕಣ್ಣೆದುರೇ ಮತ್ತೊಮ್ಮೆ ತೂಗಿಸಿ. ಆ ಹಮಾಲಿಯ ಖರ್ಚು ಅಂಗಡಿಯದು.

ದಾಲ್ ಮಿಲ್ಲಿನವರ ಜೊತೆಗೂ ಹೀಗೇ. ಸ್ಯಾಂಪಲ್ ತೆಗೆಯುವಾಗ ಚೀಲದ ಬಾಯಿಂದಷ್ಟೇ ತೆಗೆಯಬೇಡಿ, ನಡುವಿನಿಂದಲೂ ಬುಡದಿಂದಲೂ ತೆಗೆಯಿರಿ. ಕಾಳು ಹಸಿ ಇದ್ದರೆ ಅವರು ಕೇಳುವ ಮೊದಲೇ ಹೇಳಿಬಿಡಿ. ಸರಕಾರದ ಬೆಂಬಲ ಬೆಲೆ ಖರೀದಿಯಲ್ಲೂ ತೇವಾಂಶ ಶೇ. 12 ದಾಟುವ ಹಾಗಿಲ್ಲ. ಹಸಿ ಕಾಳಿನ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಮಿಲ್ಲಿನವರು ಮತ್ತೆ ಬಿಸಿಲಿಗೆ ಹರವಬೇಕಾಗುತ್ತದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಆ ಹೆಸರು ಕಾಯುವುದು ಸ್ಯಾಂಪಲ್ ತೆಗೆಯುವ ನಮ್ಮ ಕೈಯಿಂದಲೇ ಶುರು.

ಕೆಟ್ಟ ಸುದ್ದಿ ಇದ್ದರೆ ನೀವೇ ಮೊದಲು ಫೋನ್ ಮಾಡಿ. ದರ ಬಿದ್ದಿದೆಯೇ? ಗಾಡಿ ಊರು ಬಿಡುವ ಮುಂಚೆ ತಿಳಿಸಿ. ಖರೀದಿದಾರನಿಂದ ಹಣ ಬರುವುದು ತಡವೇ? ರೈತ ಬಸ್ ಚಾರ್ಜ್ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂಡುವ ಹಾಗೆ ಮಾಡಬೇಡಿ.

ಹಮಾಲರ ಕೂಲಿ ಅದೇ ಸಂಜೆ ಕೊಟ್ಟುಬಿಡಿ, ಹೆಸರು ಹಿಡಿದು ಕರೆಯಿರಿ. ಮಳೆ ಬಂದಾಗ ತಾಡಪತ್ರಿ ಹೊದಿಸಲು ಓಡುವವರು ಅವರೇ.

ದಸರೆಗೆ ಬನ್ನಿ ಕೊಡಲು ಅಂಗಡಿಯಿಂದ ಅಂಗಡಿಗೆ ಹೋಗುವ ಪದ್ಧತಿಯನ್ನು ವಾಟ್ಸಾಪ್ ಫೋಟೋದಲ್ಲಿ ಮುಗಿಸಬೇಡಿ. ವರ್ಷವಿಡೀ ಮಾತು ಬಿಟ್ಟವರ ಕೈಗೂ ಅವತ್ತು ಬನ್ನಿ ಕೊಡಬಹುದು, ಅಂಥ ದಿನ ಇನ್ನೊಂದಿಲ್ಲ. ಎಳ್ಳಮವಾಸ್ಯೆಗೆ ರೈತರು ಹೊಲಕ್ಕೆ ಕರೆದರೆ ಹೋಗಲೇಬೇಕು. ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಿದ ಮೇಲೆ ಕೂತು ಸಜ್ಜಿರೊಟ್ಟಿ, ಭಜ್ಜಿ ಉಣ್ಣಿ. ಪಕ್ಕದಲ್ಲೇ ತೊಗರಿ ಕೊಯ್ಲಿಗೆ ನಿಂತಿದ್ದರೂ ದರದ ಮಾತು ತೆಗೆಯಬೇಡಿ.

ಒಬ್ಬ ರೈತ ನಿಮ್ಮನ್ನು ಬಿಟ್ಟು ಬೇರೆ ಅಡತಿಗೆ ಮಾಲು ಹಾಕಿದ ಅಂತ ಇಟ್ಟುಕೊಳ್ಳಿ. ಸೂಪರ್ ಮಾರ್ಕೆಟಿನಲ್ಲಿ ಎದುರಾದಾಗ ಮುಖ ತಿರುಗಿಸಬೇಡಿ, ಯಾಕೆ ಬಿಟ್ಟಿರಿ ಎಂದೂ ಕೇಳಬೇಡಿ. ಹಳೆಯ ಲೆಕ್ಕದಲ್ಲಿ ಅವನಿಗೆ ಬರಬೇಕಾದ್ದು ಏನಾದರೂ ಉಳಿದಿದ್ದರೆ ಅವತ್ತೇ ಕೊಟ್ಟುಬಿಡಿ. ಮುಂದಿನ ವರ್ಷ ರಾಶಿಯ ಹೊತ್ತಿಗೆ ಅವನು ಖಾಲಿ ಚೀಲ ಕೇಳಿಕೊಂಡು ಬಂದರೆ, ಮಾಲು ಎಲ್ಲಿಗೆ ತರುತ್ತಾನೆಂದು ಕೇಳದೆ ಚೀಲ ಎಣಿಸಿ ಕೊಡಿ.