ಕಾಲುವೆಯ ದೋಣಿಯಲ್ಲಿ ಒಗ್ಗರಣೆ ಹಾಕುವ ಮುನ್ನ

ಲಂಡನ್ನಿನ ಬಾಡಿಗೆ ಕಂಡು ಬೆಚ್ಚಿದ ನಮ್ಮ ಹುಡುಗರು ಈಚೆಗೆ ಕೇಳುವುದು ಒಂದೇ ಪ್ರಶ್ನೆ: ಕಾಲುವೆಯಲ್ಲಿ ದೋಣಿ ಕೊಂಡು ಇದ್ದುಬಿಡಬಹುದೇ? ಇರಬಹುದು. ನಾನು ಕೆಲವು ಚಳಿಗಾಲ ಹಾಗೆಯೇ ಕಳೆದಿದ್ದೇನೆ. ಶೌಚದ ವ್ಯವಸ್ಥೆ ಏನು, ಅಂಚೆ ಎಲ್ಲಿಗೆ ಬರುತ್ತದೆ ಎಂದೆಲ್ಲ ವಿಚಾರಿಸುವ ಇವರು ಬೆಂಕಿಯ ಮಾತು ಮಾತ್ರ ಎತ್ತುವುದಿಲ್ಲ. ಸುತ್ತ ನೀರಿರುವಾಗ ಬೆಂಕಿಯ ಭಯವೇಕೆ ಎಂಬ ಲೆಕ್ಕಾಚಾರವಿರಬೇಕು. ನ್ಯಾರೋಬೋಟ್ ಎಂದರೆ ಸುಮಾರು ಎರಡು ಮೀಟರ್ ಅಗಲದ ಉಕ್ಕಿನ ಪೆಟ್ಟಿಗೆ. ಒಳಗೆಲ್ಲ ಪ್ಲೈವುಡ್, ಫೋಮ್, ಪರದೆ. ಅಡುಗೆ ಅನಿಲ, ಡೀಸೆಲ್, ಬ್ಯಾಟರಿ, ಸೌದೆಯ ಒಲೆ ಎಲ್ಲವೂ ಅದರೊಳಗೇ. ದೋಣಿಗಳನ್ನು ಸಾಲಾಗಿ ಕಟ್ಟಿಡುವ ತಾಣವಾದ ಮರೀನಾದಲ್ಲಿ ಪಕ್ಕದ ದೋಣಿ ಕೈಚಾಚಿದರೆ ಸಿಗುತ್ತದೆ. ಅದು ಫೈಬರ್‌ಗ್ಲಾಸಿನದಾದರೆ ಹತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಮೊದಲು ಕಾಗದಪತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಕಾಲುವೆಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಅದರ ಪರವಾನಗಿಗೆ ವಿಮೆ ಬೇಕು. ದೋಣಿಯನ್ನು ದಡಕ್ಕೆ ಕಟ್ಟಿಡಲು ಖಾಯಂ ಜಾಗ ಬೇಕು, ಇಲ್ಲವೇ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೆಡೆ ನಿಲ್ಲದೆ ಸಾಗುತ್ತಿರಬೇಕು. ಇವುಗಳ ಜೊತೆಗೆ ಬೋಟ್ ಸೇಫ್ಟಿ ಸ್ಕೀಮ್‌ನ ಪ್ರಮಾಣಪತ್ರವೂ ಬೇಕು. ಟ್ರಸ್ಟ್ ಮತ್ತು ಎನ್ವಿರಾನ್‌ಮೆಂಟ್ ಏಜೆನ್ಸಿ ಸೇರಿ ನಡೆಸುವ ಈ ಯೋಜನೆಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಕರು ಬಂದು ದೋಣಿ ನೋಡುತ್ತಾರೆ. ಹಳೆಯ ದೋಣಿ ಕೊಳ್ಳುವಾಗ ಮಾರುವವರು ತೋರಿಸುವ ಕಾಗದವನ್ನಷ್ಟೇ ನಂಬಬೇಡಿ. ದೋಣಿಯ ಸಂಖ್ಯೆ ಹಿಡಿದು ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಯೋಜನೆಯವರಲ್ಲೇ ಖಚಿತಪಡಿಸಿಕೊಳ್ಳಿ. ಬಾಡಿಗೆಗೆ ಹೋಗುವುದಾದರೆ ಮಾಲೀಕರ ಪರವಾನಗಿ ಯಾವ ಬಗೆಯದು ಎಂದೂ ಕೇಳಿ. ಖಾಸಗಿ ಪರವಾನಗಿಯ ಮೇಲೆ ದೋಣಿ ಬಾಡಿಗೆಗೆ ಕೊಡುವಂತಿಲ್ಲ. ಬಾಡಿಗೆ ದೋಣಿಗೆ ಬೇರೆ ಪರವಾನಗಿ ಬೇಕು, ಸುರಕ್ಷತಾ ನಿಯಮಗಳೂ ಹೆಚ್ಚು.

ನಮ್ಮವರು ಎಡವುವುದು ಇಲ್ಲಿ. ಊರಿನಲ್ಲಿ ಲಾರಿಗೆ ಎಫ್‌ಸಿ ಮಾಡಿಸಿದಂತೆ, ಚೀಟಿ ಸಿಕ್ಕಿತು ಎಂದರೆ ದೋಣಿ ಗಟ್ಟಿ ಎಂದುಕೊಳ್ಳುತ್ತಾರೆ. ಖಾಸಗಿ ದೋಣಿಗೆ ಸಂಬಂಧಿಸಿದ ಈ ನಿಯಮಗಳ ಮುಖ್ಯ ಕಾಳಜಿ ನಿಮ್ಮಿಂದ ಪಕ್ಕದವರಿಗೆ ಅಪಾಯ ಬಾರದಿರಲಿ ಎಂಬುದು. ತಳದ ಉಕ್ಕು ಎಷ್ಟು ಸವೆದಿದೆ ಎಂದು ಆ ಪರೀಕ್ಷಕರು ನೋಡುವುದಿಲ್ಲ. ಅದಕ್ಕೆ ಬೇರೆ ಸರ್ವೇಯರ್ ಬೇಕು. ಪರೀಕ್ಷೆಯ ಮರುದಿನ ನೀವೇನು ಮಾಡುತ್ತೀರಿ ಎಂಬುದನ್ನಂತೂ ಯಾರೂ ನೋಡುವುದಿಲ್ಲ.

ಅನಿಲದ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್‌ಪಿಜಿ ಗಾಳಿಗಿಂತ ಭಾರ. ಊರಿನ ಅಡುಗೆಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ನೆಲದ ಮೇಲೆ ಹರಿದಾದರೂ ಹೊರಹೋಗುತ್ತದೆ. ದೋಣಿ ಮಾತ್ರ ಬಟ್ಟಲು. ಸೋರಿದ್ದು ತಳಕ್ಕಿಳಿದು ಅಲ್ಲೇ ಕೂರುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಅದಕ್ಕೇ ಸಿಲಿಂಡರನ್ನು ಪ್ರತ್ಯೇಕ ಲಾಕರಿನಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿರಬೇಕು. ಲಾಕರಿನ ಬುಡದ ತೂತು ದೋಣಿಯ ಹೊರಕ್ಕೆ ತೆರೆದಿರಬೇಕು. ನನ್ನ ದೋಣಿಯಲ್ಲಿ ಆ ತೂತನ್ನು ಒಣಗಿದ ಎಲೆಗಳು ಮುಚ್ಚಿದ್ದವು. ಪರೀಕ್ಷಕರು ಮಾತಿಲ್ಲದೆ ಒಂದು ಕಡ್ಡಿ ಹುಡುಕಿ ಚುಚ್ಚಿದರು. ಆಮೇಲೆ ಲಾಕರಿನೊಳಗಿನ, ಸೋರಿಕೆ ಪತ್ತೆಹಚ್ಚುವ ಬಬಲ್ ಟೆಸ್ಟರ್‌ನ ಗುಂಡಿ ಒತ್ತಿ ಹಿಡಿದರು. ಒಲೆಗಳೆಲ್ಲ ಆರಿದ್ದವು. ಪುಟ್ಟ ಪಾರದರ್ಶಕ ಬಟ್ಟಲಿನ ದ್ರವದಲ್ಲಿ ಅನ್ನದ ಎಸರು ಕಾಯುವ ಮೊದಲು ಏಳುವಂಥ ಒಂದು ಗುಳ್ಳೆ ಎದ್ದಿತು, ತಡೆದು ಇನ್ನೊಂದು. ಒಲೆಯ ಹಿಂದಿನ ಜೋಡಣೆ ಸೋರುತ್ತಿತ್ತು. ಅದರ ಮುಂದೆ ನಾನು ಎಷ್ಟು ದಿನ ದೋಸೆ ಹುಯ್ದಿದ್ದೆನೋ ತಿಳಿಯದು, ಮೂಗಿಗಂತೂ ಏನೂ ಹತ್ತಿರಲಿಲ್ಲ. ಈಗ ವಾರಕ್ಕೊಮ್ಮೆ ನಾನೇ ಗುಂಡಿ ಒತ್ತಿ ನೋಡುತ್ತೇನೆ. ಗುಳ್ಳೆ ಕಂಡರೆ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ವಾಸದ ದೋಣಿಯಲ್ಲಿ ಅನಿಲದ ಕೆಲಸವನ್ನು ಗ್ಯಾಸ್ ಸೇಫ್ ಎಂಬ ಅನಿಲ ತಂತ್ರಜ್ಞರ ಅಧಿಕೃತ ಪಟ್ಟಿಯಲ್ಲಿ ನೋಂದಾಯಿಸಿದ, ಅದರಲ್ಲೂ ದೋಣಿ ಮತ್ತು ಎಲ್‌ಪಿಜಿಗೆ ಅರ್ಹತೆ ಪಡೆದ ತಂತ್ರಜ್ಞರೇ ಮಾಡಬೇಕೆಂಬುದು ಇಲ್ಲಿನ ಕಾನೂನು.

ಮರೀನಾದ ವಿದ್ಯುತ್ ಬರುವುದು ನೀಲಿ ಬಣ್ಣದ 16 ಆಂಪಿಯರ್ ಪ್ಲಗ್ಗಿನಲ್ಲಿ. 230 ವೋಲ್ಟಿಗೆ ಗುಣಿಸಿದರೆ ಹೆಚ್ಚೆಂದರೆ 3.7 ಕಿಲೋವಾಟ್; ಕೆಲವೆಡೆ ಕಂಬದಲ್ಲಿ ಅದಕ್ಕಿಂತ ಕಡಿಮೆ. ಇಲ್ಲಿನ ಕೆಟಲ್ ಒಂದೇ 3 ಕಿಲೋವಾಟ್ ಕುಡಿಯುತ್ತದೆ, ಫ್ಯಾನ್ ಹೀಟರ್ 2. ಎರಡನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆದೀತು. ಟ್ರಿಪ್ ಆದರೆ ಒಳ್ಳೆಯದೇ. ಭಯಪಡಬೇಕಾದದ್ದು ಟ್ರಿಪ್ ಆಗದೆ ಮೌನವಾಗಿ ಬಿಸಿಯಾಗುವ ಸಡಿಲ ಪಿನ್ನಿಗೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ನೋಡಿ. ಪಿನ್ನಿನ ಸುತ್ತ ಕಂದು ಕಲೆಯಿದ್ದರೆ ಬದಲಿಸಿ. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿಟ್ಟರೆ ಅದೂ ಕಾಯುತ್ತದೆ. ಇ-ಬೈಕಿನ ಬ್ಯಾಟರಿಯನ್ನು ರಾತ್ರಿ ಬಾಗಿಲ ಬಳಿ ಚಾರ್ಜಿಗೆ ಹಾಕಿ ಮಲಗುವುದನ್ನು ಬಿಡಿ. ಅದು ಹತ್ತಿಕೊಂಡರೆ ಓಡಬೇಕಾದ ದಾರಿಯಲ್ಲೇ ಬೆಂಕಿ.

ಪೆಟ್ರೋಲ್ ಜನರೇಟರಿಗೆ ಎಣ್ಣೆ ತುಂಬುವುದು ದಡದಲ್ಲಿ, ಅದು ತಣ್ಣಗಾದ ಮೇಲೆ. ಪೆಟ್ರೋಲ್ ಆವಿಯೂ ಭಾರವೇ, ಅದೂ ತಳಕ್ಕೇ ಇಳಿಯುತ್ತದೆ.

ಸೌದೆ ಒಲೆಯ ಪಕ್ಕ ಸೌದೆ ಒಣಗಿಸಲು ಇಡುವುದು ಇಲ್ಲಿಯವರೂ ಮಾಡುವ ತಪ್ಪು. ಆರಿದಂತೆ ಕಾಣುವ ಬೂದಿಯ ಬಕೆಟ್ಟನ್ನು ಒಳಗಿಡಬೇಡಿ. ಕೆಂಡ ಅಡಗಿದ್ದರೆ ಇಂಗಾಲದ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ವಾಸದ ಜಾಗವಿರುವ ದೋಣಿಗಳಿಗೆ ಆ ಅನಿಲದ ಅಲಾರಂ 2019ರ ಏಪ್ರಿಲ್ 1ರಿಂದ ಕಡ್ಡಾಯ. ಹೊಗೆಯ ಅಲಾರಮನ್ನು ಯಾರೂ ಹೇಳದಿದ್ದರೂ ಹಾಕಿ. ಒಣಮೆಣಸಿನಕಾಯಿಯ ಒಗ್ಗರಣೆಗೆ ಅದು ಕಿರುಚುತ್ತದೆ ಎಂದು ಬ್ಯಾಟರಿ ತೆಗೆದಿಟ್ಟವರನ್ನು ಬಲ್ಲೆ; ಅಲಾರಮನ್ನು ಒಲೆಯಿಂದ ಸ್ವಲ್ಪ ದೂರ ಸರಿಸಿದರೆ ಸಾಕಿತ್ತು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಬೆಂಕಿ ಕಂಬಳಿ ಮುಚ್ಚಿ ಅನಿಲ ನಿಲ್ಲಿಸಿ. ಆ ಕಂಬಳಿ ಒಲೆಯ ಪಕ್ಕದಲ್ಲಿರಬೇಕು, ಒಲೆಯ ಹಿಂದಲ್ಲ. ಉರಿಯ ಮೇಲಿಂದ ಕೈಚಾಚಿ ಅದನ್ನು ತೆಗೆಯಲಾಗದು. ದೇವರ ಮುಂದೆ ದೀಪ ಹಚ್ಚಿದರೆ ಅದು ಆರುವವರೆಗೆ ಅಲ್ಲೇ ಕೂತಿರಿ. ದೊಡ್ಡ ದೋಣಿಯೊಂದು ಹಾದುಹೋದರೆ ಸಾಕು, ನೆಲವೇ ಅಲುಗುತ್ತದೆ.

ದೋಣಿಗೆ ಮುಂದೊಂದು, ಹಿಂದೊಂದು ಬಾಗಿಲು. ಎರಡೂ ಒಳಗಿನಿಂದ ಬೀಗದ ಕೈ ಹುಡುಕದೆ ತೆರೆಯುವಂತಿರಬೇಕು. ಮುಂದಿನ ಬಾಗಿಲಿಗೆ ಸೈಕಲ್, ಕಲ್ಲಿದ್ದಲ ಚೀಲ ಒರಗಿಸಿಟ್ಟರೆ ಉಳಿಯುವುದು ಒಂದೇ. ಎಂಜಿನ್ ಕೋಣೆಯಿಂದ ಹೊಗೆ ಬಂದರೆ ಮುಚ್ಚಳ ತೆರೆದು ಇಣುಕಬೇಡಿ, ಗಾಳಿ ನುಗ್ಗಿ ಉರಿ ಏಳುತ್ತದೆ. ಹೊರಗೆ ಬನ್ನಿ, ಅಕ್ಕಪಕ್ಕದ ದೋಣಿಗಳ ಬಾಗಿಲು ಬಡಿಯಿರಿ, ಇಲ್ಲಿನ ತುರ್ತು ಸೇವೆಯ 999ಕ್ಕೆ ಕರೆ ಮಾಡಿ. ಅವರು ಮೊದಲು ಕೇಳುವುದು ಎಲ್ಲಿದ್ದೀರಿ ಎಂದು. ಕಾಲುವೆಯ ದಡಕ್ಕೆ ಮನೆ ಸಂಖ್ಯೆಯಿಲ್ಲ, ಇರುವುದು ಸೇತುವೆಗಳ ಸಂಖ್ಯೆ. ಕಮಾನಿನ ಮೇಲಿನ ಫಲಕದಲ್ಲಿ ಬರೆದಿರುತ್ತದೆ. ನನ್ನ ಹಿಂಬಾಗಿಲ ಪಕ್ಕ ಊರಿನ ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಸಾಲ’ ಫಲಕದಷ್ಟು ದೊಡ್ಡ ಸ್ಲೇಟು ತೂಗುಹಾಕಿದ್ದೇನೆ. ದೋಣಿ ಕಟ್ಟಿದ ಕೂಡಲೇ, ಚಹಾಕ್ಕೆ ನೀರಿಡುವ ಮೊದಲು, ಹಳೆಯ ಸಂಖ್ಯೆ ಅಳಿಸಿ ಹೊಸದನ್ನು ಬರೆಯುತ್ತೇನೆ.